ಕಣಿವೆಯ ಊರಿನಲ್ಲಿ ರೇಡಿಯೊ ಕೇಳಿಸಬೇಕಾದರೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಬೆಳಗಿನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಸಮಿತಿಯವರು ನನಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ವಿಷಯ ನೀವೇ ಆರಿಸಿಕೊಳ್ಳಿ ಎಂದಿದ್ದರು. ಆದರೆ ವಿಷಯವನ್ನು ನಿನ್ನೆ ವಸ್ತುಪ್ರದರ್ಶನಕ್ಕೆ ಬಂದವರೇ ಆರಿಸಿಕೊಟ್ಟರು. ಕೋಣೆಯ ಮೂಲೆಯ ಮೇಜಿನ ಮೇಲೆ ನಾನೊಂದು ಸ್ಕ್ಯಾನರ್ ರೇಡಿಯೊ ಇಟ್ಟಿದ್ದೆ. ಇಡೀ ದಿನ ಅದು ಬುಸ್ ಎಂದದ್ದು ಬಿಟ್ಟರೆ ಬೇರೆ ಮಾತಾಡಲಿಲ್ಲ. ಹಿರಿಯರೊಬ್ಬರು ಕಿವಿಗೊಟ್ಟು ಕೇಳಿ, "ಇದಕ್ಕಿಂತ ನಮ್ಮ ಅಪ್ಪನ ಕಾಲದ ಮರ್ಫಿ ವಾಸಿಯಿತ್ತಲ್ಲೋ ಮಾರಾಯ" ಎಂದರು. ಸುತ್ತ ನಿಂತವರು ನಕ್ಕರು. ಅವರ ಮಾತು ನೂರಕ್ಕೆ ನೂರು ಸರಿ. ಯಾಕೆ ಸರಿ ಎನ್ನುವುದನ್ನೇ ಇವತ್ತು ಹೇಳುತ್ತೇನೆ.

ಸ್ಕ್ಯಾನರ್ ಎಂದರೆ ದೊಡ್ಡ ಮಾಯೆಯೇನೂ ಅಲ್ಲ. ಸಾಮಾನ್ಯ ರೇಡಿಯೊದಲ್ಲಿ ನಾವು ಗುಂಡಿ ತಿರುಗಿಸಿ ಒಂದು ಕೇಂದ್ರಕ್ಕೆ ನಿಲ್ಲಿಸುತ್ತೇವೆ. ಸ್ಕ್ಯಾನರ್ ತಾನೇ ಒಂದು ತರಂಗದಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ಎಲ್ಲಿ ಮಾತು ಸಿಕ್ಕಿತೋ ಅಲ್ಲಿ ನಿಲ್ಲುತ್ತದೆ, ಮಾತು ಮುಗಿದರೆ ಮತ್ತೆ ಹೊರಡುತ್ತದೆ. ಕಣಜದಲ್ಲಿ ಹುಳ ಹುಡುಕುವ ಕೋಳಿಯ ಹಾಗೆ. ಅದು ಹೆಚ್ಚಾಗಿ ಕೇಳುವುದು ವಿಎಚ್‌ಎಫ್, ಯುಎಚ್‌ಎಫ್ ಎಂಬ ಮೇಲಿನ ತರಂಗಗಳನ್ನು. ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು, ನಮ್ಮ ದೇಶದಲ್ಲಿ 144ರಿಂದ 146 ಮೆಗಾಹರ್ಟ್ಜ್‌ವರೆಗಿನ ಪಟ್ಟಿಯಲ್ಲಿ ಮಾತಾಡುತ್ತಾರೆ. ನಾನೂ ಅವರಲ್ಲಿ ಒಬ್ಬ.

ಮುಂದೆ ಹೋಗುವ ಮೊದಲು ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು, ಯಾಕೆಂದರೆ ನಿನ್ನೆ ಹುಡುಗರು "ಪೊಲೀಸರ ಮಾತು ಬರುತ್ತದಾ ಸಾರ್" ಎಂದು ಕೇಳುತ್ತಿದ್ದರು. ಪೊಲೀಸರ, ಅರಣ್ಯದವರ, ಸೈನ್ಯದ ಮಾತು ನಮಗಲ್ಲ. 1933ರ ವೈರ್‌ಲೆಸ್ ಕಾಯಿದೆಯ ಕಾಲದಿಂದಲೂ ಇಂಥ ಸೆಟ್ಟುಗಳಿಗೆ ಪರವಾನಗಿ ಬೇಕು. ಈಗ 2023ರ ಹೊಸ ದೂರಸಂಪರ್ಕ ಕಾಯಿದೆ ಬಂದಿದೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ವಾಕಿಟಾಕಿ ತಂದು ತೋಟದಲ್ಲಿ ಮಾತಾಡುವವರು ನಮ್ಮ ಸೀಮೆಯಲ್ಲಿ ಇದ್ದಾರೆ. ಅವರಿಗೂ ಈ ಮಾತು ಸೇರುತ್ತದೆ. ಹವ್ಯಾಸಿ ಪರವಾನಗಿ ಪಡೆಯುವುದು ಕಷ್ಟವಲ್ಲ. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಅಂದರೆ ಎಂಟನೇ ತರಗತಿಯ ನಮ್ಮ ಮಕ್ಕಳು ಬರೆಯಬಹುದು.

ಇಷ್ಟೆಲ್ಲ ಯಾಕೆ, ಕೈಯಲ್ಲಿ ಮೊಬೈಲ್ ಇದೆಯಲ್ಲ ಎಂದು ನೀವು ಕೇಳಬಹುದು. 2019ರ ಆಗಸ್ಟ್ ಮಳೆಯನ್ನು ನೆನಪು ಮಾಡಿಕೊಳ್ಳಿ. ಕರೆಂಟು ಹೋಯಿತು. ಟವರಿನ ಬ್ಯಾಟರಿ ಮೊದಲ ರಾತ್ರಿಯೇ ಮುಗಿಯಿತು. ಆಮೇಲೆ ಎಲ್ಲರ ಮೊಬೈಲೂ ಟಾರ್ಚಾಯಿತು, ಅದೂ ಚಾರ್ಜ್ ಇರುವವರೆಗೆ. ಮೂರನೆಯ ದಿನ ಮೇಲಿನ ಕೇರಿಯಿಂದ ಹೆರಿಗೆ ನೋವು ಬಂದ ಹೆಣ್ಣುಮಗಳೊಬ್ಬಳನ್ನು ಜೀಪಿನಲ್ಲಿ ಕರೆದುಕೊಂಡು ಹೊರಟರು. ಸೇತುವೆಯ ಹತ್ತಿರ ಹೋದ ಮೇಲೆ ಗೊತ್ತಾಯಿತು, ಅದರ ಮೇಲೆ ನೀರು ಹರಿಯುತ್ತಿದೆ ಎಂದು. ತಿರುಗಿ ಬಂದು, ಕಾಡಿನ ರಸ್ತೆ ಹಿಡಿದು, ಬಿದ್ದ ಮರ ಕಡಿದು ದಾರಿ ಮಾಡಿಕೊಂಡು ಆಸ್ಪತ್ರೆ ಮುಟ್ಟುವಾಗ ಮೂರು ಗಂಟೆ ಹೆಚ್ಚು ಹಿಡಿಯಿತು. ಆ ಸೇತುವೆ ಬಂದಾದ ಸುದ್ದಿ ಬೆಳಿಗ್ಗೆಯೇ ರೇಡಿಯೊದಲ್ಲಿ ಬಂದಿತ್ತು. ಹೊಳೆಯಾಚೆ ಒಂದು ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರಿನಲ್ಲಿ ಅದನ್ನು ಕೇಳಿದ್ದರು. ನಮ್ಮ ಕಡೆ ಕೇಳಿದವರು ಯಾರೂ ಇರಲಿಲ್ಲ. ತಾಯಿ ಮಗು ಇಬ್ಬರೂ ಉಳಿದರು, ಆ ಮಗು ಈಗ ನಮ್ಮೂರ ಪ್ರಾಥಮಿಕ ಶಾಲೆಗೆ ಹೋಗುತ್ತಿದೆ. ಆದರೆ ಆ ಮೂರು ಗಂಟೆಯ ಲೆಕ್ಕ ನನಗೆ ಇವತ್ತಿಗೂ ಮುಗಿದಿಲ್ಲ.

ಈಗ ಮರ್ಫಿಯ ವಿಷಯಕ್ಕೆ ಬರೋಣ. ಆ ರೇಡಿಯೊ ಕೇಳುತ್ತಿದ್ದದ್ದು ಮಧ್ಯಮ ತರಂಗ. ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಜ್, ಧಾರವಾಡ 765, ಬೆಂಗಳೂರು 612. ಇವುಗಳ ಒಂದೊಂದು ಅಲೆ ನಾನ್ನೂರು ಮೀಟರ್ ಆಸುಪಾಸಿನಷ್ಟು ಉದ್ದ. 300ನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ, ಮಕ್ಕಳು ಲೆಕ್ಕ ಮಾಡಿ ನೋಡಿ. ಇಷ್ಟು ಉದ್ದದ ಅಲೆ ನೆಲವನ್ನು ಹಿಡಿದುಕೊಂಡು ಬರುತ್ತದೆ, ಗುಡ್ಡ ಅಡ್ಡ ಬಂದರೆ ಬಾಗಿ ಇಳಿಯುತ್ತದೆ. ಸ್ಕ್ಯಾನರ್ ಕೇಳುವ 145 ಮೆಗಾಹರ್ಟ್ಜ್‌ನ ಅಲೆ ಎರಡು ಮೀಟರು ಮಾತ್ರ. ಅದು ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ಹಿಂದೆ ನೆರಳು ಬೀಳುತ್ತದೆ. ನಮ್ಮೂರು ಇರುವುದು ಆ ನೆರಳಿನಲ್ಲಿ.

ಇದಕ್ಕೆ ಸಾಕ್ಷಿ ಬೇಕಾದರೆ ಮೇಲೆ ನೋಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತದೆ. ಅಲ್ಲಿಯ ಹ್ಯಾಮ್ ಕೇಂದ್ರ 145.800 ಮೆಗಾಹರ್ಟ್ಜ್‌ನಲ್ಲಿ ಕೆಳಗೆ ಮಾತಾಡುತ್ತದೆ. 2025ರ ಜುಲೈಯಲ್ಲಿ ಶುಭಾಂಶು ಶುಕ್ಲಾ ನಮ್ಮ ದೇಶದ ವಿದ್ಯಾರ್ಥಿಗಳ ಜೊತೆ ಮಾತಾಡಿದ್ದು ಹ್ಯಾಮ್ ರೇಡಿಯೊದಲ್ಲೇ. ನಿಲ್ದಾಣದಿಂದ ಪ್ರಸಾರ ನಡೆಯುತ್ತಿರುವ ದಿನ ಅದು ನಮ್ಮ ನೆತ್ತಿಯ ಮೇಲೆ ಬಂದರೆ, ಈ ಶಾಲೆಯ ಅಂಗಳದಲ್ಲಿ ಕೈಸೆಟ್ಟು ಹಿಡಿದು ನಿಂತರೆ ಸಾಕು, ಮೂರು ನಾಲ್ಕು ನಿಮಿಷ ಸ್ಪಷ್ಟವಾಗಿ ಕೇಳಿಸುತ್ತದೆ. ಗುಡ್ಡದ ಹಿಂದೆ ಇಳಿಯಿತೋ, ಕತ್ತರಿಸಿದ ಹಾಗೆ ನಿಲ್ಲುತ್ತದೆ. 400 ಕಿಲೋಮೀಟರಿನಿಂದ ಬರುತ್ತದೆ, ಮೂವತ್ತು ಕಿಲೋಮೀಟರ್ ದೂರದ ಪೇಟೆಯಿಂದ ಬರುವುದಿಲ್ಲ! ಹಾಗಾದರೆ ದೂರವಲ್ಲ ನಮ್ಮ ತೊಂದರೆ. ನಡುವೆ ಏನಿದೆ ಎನ್ನುವುದು ತೊಂದರೆ. ಸೆಟ್ಟನ್ನು ಬೈಯುವ ಮೊದಲು ಗುಡ್ಡವನ್ನು ನೋಡಬೇಕು.

ಇವತ್ತು ಬೆಳಿಗ್ಗೆ ತಿಂಡಿಗೆ ಮೊದಲು ಒಂಬತ್ತನೇ ತರಗತಿಯ ಮಕ್ಕಳ ಜೊತೆ ಒಂದು ಪರೀಕ್ಷೆ ಮಾಡಿದೆ. ಒಂದೇ ಎಫ್‌ಎಂ ಕೇಂದ್ರ, ಒಂದೇ ಸೆಟ್ಟು, ಬೇರೆ ಬೇರೆ ಜಾಗ. ಸೊನ್ನೆಯಿಂದ ಐದರವರೆಗೆ ಅಂಕ ಕೊಡಿ ಎಂದೆ. ಪ್ರದರ್ಶನದ ಕೋಣೆಯಲ್ಲಿ ಸೊನ್ನೆ. ಜಗಲಿಯಲ್ಲಿ ಒಂದು. ತಾರಸಿಯ ಮೇಲೆ ಮೂರು. ನೀರಿನ ಟ್ಯಾಂಕಿನ ದಿಬ್ಬದಲ್ಲಿ ಐದು. ಇಷ್ಟನ್ನು ಯಾರಾದರೂ ಊಹಿಸಬಹುದು. ಮಕ್ಕಳಿಗೆ ಆಶ್ಚರ್ಯವಾದದ್ದು ಬೇರೆ. ಗುಡ್ಡದ ಬುಡದಲ್ಲಿ, ಟ್ಯಾಂಕಿಗೆ ತೀರ ಹತ್ತಿರ ಇರುವ ಆ ಬಸರಿ ಮರದ ಕೆಳಗೆ ಸೊನ್ನೆ. ಮೈದಾನದ ಆಚೆ ತುದಿ, ಗದ್ದೆಯ ಬದುವಿನಲ್ಲಿ, ತಾರಸಿಯಷ್ಟೇ ಮೂರು. ಗುಡ್ಡದ ನೆರಳು ಬುಡದಲ್ಲೇ ಅತಿ ಗಾಢ. ಅಲೆ ಗುಡ್ಡದ ನೆತ್ತಿಯ ಅಂಚಿಗೆ ತಾಗಿ ಸ್ವಲ್ಪ ಬಾಗುತ್ತದೆ. ದೂರ ಹೋದಷ್ಟೂ ಆ ಬಾಗಿದ ಅಲೆ ನೆಲಕ್ಕೆ ಸಿಗುತ್ತದೆ. ಆದ್ದರಿಂದ ಗುಡ್ಡಕ್ಕೆ ಬೆನ್ನು ಕೊಟ್ಟು ಕಟ್ಟಿದ ಮನೆಯವರು ಮಾಡು ಹತ್ತುವ ಬದಲು ಅಂಗಳ ದಾಟಿ ಗದ್ದೆಯ ಕಡೆ ಐವತ್ತು ಹೆಜ್ಜೆ ನಡೆದು ನೋಡಬೇಕು. ಖರ್ಚಿಲ್ಲದ ಉಪಾಯ, ಆದರೆ ಯಾರೂ ಮಾಡುವುದಿಲ್ಲ.

ಕೋಣೆಯಲ್ಲಿ ಸೊನ್ನೆ ಬಂದದ್ದಕ್ಕೂ ಕಾರಣ ಹೇಳಬೇಕು. ಅದರ ತಾರಸಿಯ ತುಂಬ ಕಬ್ಬಿಣ, ಮೇಲೆ ಮಳೆಗೆಂದು ಹೊದಿಸಿದ ತಗಡು. ನಾವು ಓದುವಾಗ ಶಾಲೆಗೆ ಮಂಗಳೂರು ಹೆಂಚಿತ್ತು. ಹೆಂಚು ಸೋರುತ್ತಿತ್ತು, ಆದರೆ ರೇಡಿಯೊ ಅಲೆಯೂ ಒಳಗೆ ಸೋರುತ್ತಿತ್ತು. ತಗಡು ಎರಡನ್ನೂ ತಡೆಯುತ್ತದೆ. ಮನೆಗೆ ತಗಡು ಹಾಕಿಸಿದ ಮೇಲೆ ರೇಡಿಯೊ ಹಾಳಾಯಿತು ಎಂದು ರಿಪೇರಿಗೆ ಒಯ್ದವರು ಈ ಸಭೆಯಲ್ಲೇ ಇರಬಹುದು.

ಇನ್ನೊಂದು ಸಣ್ಣ ಗುಟ್ಟು. ಕಣಿವೆಯಲ್ಲಿ ಅಲೆ ಒಂದೇ ದಾರಿಯಿಂದ ಬರುವುದಿಲ್ಲ. ಎದುರು ಗುಡ್ಡಕ್ಕೆ ಬಡಿದು ಒಂದು, ಬಂಡೆಗೆ ಬಡಿದು ಇನ್ನೊಂದು. ಅವು ಒಂದನ್ನೊಂದು ಕೂಡುವ ಜಾಗವೂ ಇರುತ್ತದೆ, ಅಳಿಸಿಹಾಕುವ ಜಾಗವೂ ಇರುತ್ತದೆ. 145 ಮೆಗಾಹರ್ಟ್ಜ್‌ನಲ್ಲಿ ಈ ಎರಡು ಜಾಗಗಳ ನಡುವೆ ಒಂದೆರಡು ಅಡಿ ಅಂತರ ಇದ್ದರೂ ಸಾಕು. ಆದ್ದರಿಂದ ಏನೂ ಕೇಳಿಸುತ್ತಿಲ್ಲ ಎಂದು ಕೈಬಿಡುವ ಮೊದಲು ಒಂದು ಹೆಜ್ಜೆ ಆಚೆ ಈಚೆ ಸರಿದು ನೋಡಿ.

ಇಷ್ಟಾದ ಮೇಲೆ ಆಂಟೆನಾ. ಸೆಟ್ಟಿನ ಜೊತೆ ಬರುವ ಗಿಡ್ಡ ರಬ್ಬರ್ ಬಾಲ ಜೇಬಿನಲ್ಲಿಟ್ಟುಕೊಳ್ಳಲು ಚೆನ್ನ, ಕೇಳಲು ಅಷ್ಟಕ್ಕಷ್ಟೆ. ಒಳ್ಳೆಯ ಆಂಟೆನಾ ಅಂದರೆ ಅಲೆಯ ಕಾಲು ಭಾಗದಷ್ಟು ಉದ್ದದ ಒಂದು ನೆಟ್ಟಗಿನ ಕಡ್ಡಿ. 145 ಮೆಗಾಹರ್ಟ್ಜ್‌ಗೆ ಅದು ಸುಮಾರು 49 ಸೆಂಟಿಮೀಟರ್. ಅದರ ಬುಡದಿಂದ ನಾಲ್ಕು ದಿಕ್ಕಿಗೆ, ಅದಕ್ಕಿಂತ ಒಂದಿಷ್ಟು ಉದ್ದದ, 52 ಸೆಂಟಿಮೀಟರಿನ ನಾಲ್ಕು ಕಡ್ಡಿಗಳನ್ನು ಓರೆಯಾಗಿ ಕೆಳಕ್ಕೆ ಬಗ್ಗಿಸಬೇಕು. ಅರ್ಧ ಬಿಚ್ಚಿದ ಕೊಡೆಯ ಹಾಗೆ ಕಾಣುತ್ತದೆ. ಹಾಗೆ ಕಾಣುವುದಷ್ಟೇ ಅಲ್ಲ, ಹಳೆಯ ಕೊಡೆಯ ಕಡ್ಡಿಗಳೇ ಅಳತೆಗೆ ಸರಿಹೋಗುತ್ತವೆ! ಗಾಳಿಗೆ ಉಲ್ಟಾ ಆದ ಕೊಡೆ ಯಾರ ಮನೆಯ ಅಟ್ಟದಲ್ಲಿ ಇಲ್ಲ? ನಿನ್ನೆ ರಾತ್ರಿ ನಾನೂ ವಿಜ್ಞಾನದ ಮೇಷ್ಟ್ರೂ ಕೂತು ಮಾಡಿದ್ದು ಈ ಮೇಜಿನ ಮೇಲಿದೆ. ಕೊಡೆಕಡ್ಡಿ ಒಂದೆರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಕಾಯಂ ಇಡುವುದಕ್ಕೆ ದಪ್ಪ ಅಲ್ಯುಮಿನಿಯಂ ತಂತಿಯೋ ಹಿತ್ತಾಳೆ ಕಡ್ಡಿಯೋ ಆಗಬೇಕು. ಮಧ್ಯದ ಕಡ್ಡಿ ನೆಟ್ಟಗೆ ನಿಂತಿರಲಿ, ಅಡ್ಡ ಮಲಗಿಸಬೇಡಿ; ಹ್ಯಾಮ್‌ಗಳ ರಿಪೀಟರುಗಳು ನೆಟ್ಟಗಿನ ಅಲೆಯನ್ನೇ ಕಳಿಸುತ್ತವೆ.

ಆಂಟೆನಾ ಎಷ್ಟು ಎತ್ತರ ಇರಬೇಕು? ಸಪಾಟು ಬಯಲಿನಲ್ಲಾದರೆ ಲೆಕ್ಕ ಸುಲಭ. ಒಂದೂವರೆ ಮೀಟರ್ ಎತ್ತರದಲ್ಲಿ ರೇಡಿಯೊ ದಿಗಂತ ಐದು ಕಿಲೋಮೀಟರ್. ಹತ್ತು ಮೀಟರಿಗೆ ಏರಿಸಿದರೆ ಹದಿಮೂರು. ನೂರು ಮೀಟರಿಗೆ ನಲವತ್ತೊಂದು. ಗುಡ್ಡಗಾಡಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಆದರೆ ಅದರ ದಿಕ್ಕು ಸುಳ್ಳಲ್ಲ. ಐದು ಮೀಟರಿನಿಂದ ಹತ್ತಕ್ಕೆ ಏರಿಸಿದರೆ ಬಯಲಿನಲ್ಲಿ ಸಿಗ್ನಲ್ ನಾಲ್ಕರಷ್ಟಾಗುತ್ತದೆ. ಗುಡ್ಡದ ಅಂಚು ತಪ್ಪಿಸಿ ಇಣುಕಿ ನೋಡುವಷ್ಟು ಏರಿಸಿದರೆ ನೂರರಷ್ಟೂ ಆಗಬಹುದು, ಮರದ ಎಲೆಯೊಳಗೆ ಸಿಕ್ಕಿಕೊಂಡರೆ ಏನೂ ಆಗದೆಯೂ ಇರಬಹುದು. ಒದ್ದೆ ಎಲೆ ಈ ಅಲೆಗಳನ್ನು ನುಂಗುತ್ತದೆ. ಬೇಸಿಗೆಯಲ್ಲಿ ಅಡಕೆ ತೋಟದ ನಡುವೆ ಚೆನ್ನಾಗಿ ಬರುತ್ತಿದ್ದದ್ದು ಆಷಾಢದಲ್ಲಿ ಬರುವುದಿಲ್ಲ ಎಂದರೆ ಅದಕ್ಕೇ.

ಆದರೆ ಎತ್ತರಕ್ಕೆ ಏರಿಸಿದರೆ ಅಲ್ಲಿಂದ ಕೆಳಗೆ ತರುವ ಕೇಬಲ್ಲೂ ಉದ್ದವಾಗುತ್ತದೆ. ಜನ ಮೋಸ ಹೋಗುವುದು ಇಲ್ಲಿ. ವಾಕಿಟಾಕಿ ಅಂಗಡಿಯಲ್ಲಿ ಕೊಡುವ ತೆಳ್ಳಗಿನ ಆರ್‌ಜಿ 58 ಕೇಬಲ್ 145 ಮೆಗಾಹರ್ಟ್ಜ್‌ನಲ್ಲಿ ಮೂವತ್ತು ಮೀಟರಿಗೆ ನಾಲ್ಕರಲ್ಲಿ ಮೂರು ಪಾಲು ಸಿಗ್ನಲ್ ತಿನ್ನುತ್ತದೆ. ಅರವತ್ತು ಮೀಟರ್ ಎಳೆದರೆ ಕೆಳಗೆ ಬರುವುದು ಹದಿನಾರರಲ್ಲಿ ಒಂದು ಪಾಲು. ಅದರ ಬದಲು ಡಿಶ್ ಟಿವಿಗೆ ಹಾಕುವ ಆರ್‌ಜಿ 6 ಕೇಬಲ್ ತನ್ನಿ. ಎಲ್ಲ ಪೇಟೆಯಲ್ಲೂ ಸಿಗುತ್ತದೆ, ಅಗ್ಗ, ಮೂವತ್ತು ಮೀಟರಿಗೆ ಅರ್ಧದಷ್ಟೇ ತಿನ್ನುತ್ತದೆ. ಅದು 75 ಓಮ್, ಸ್ಕ್ಯಾನರ್ 50 ಓಮ್, ಹೊಂದುವುದಿಲ್ಲ ಎಂದು ಪುಸ್ತಕ ಓದಿದವರು ಹೇಳುತ್ತಾರೆ. ಬರೀ ಕೇಳುವ ಕೆಲಸಕ್ಕೆ ಆ ವ್ಯತ್ಯಾಸ ಕಿವಿಗೆ ಗೊತ್ತೇ ಆಗುವುದಿಲ್ಲ. ಮಾತು ಕಳಿಸುವ ಸೆಟ್ಟಾದರೆ ಬೇರೆ ಮಾತು.

ನಮ್ಮ ಸೀಮೆಯ ಮಳೆಗೆ ಕೇಬಲ್ಲಿನ ದೊಡ್ಡ ಶತ್ರು ನೀರು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ, ನಾವೇನೂ ಬಹಳ ಹಿಂದೆ ಬಿದ್ದವರಲ್ಲ. ಮೇಲಿನ ಜೋಡಣೆಯಲ್ಲಿ ಸೂಜಿಮೊನೆಯಷ್ಟು ಸಂದು ಇದ್ದರೆ ನೀರು ಹೆಣಿಗೆಯ ಒಳಗೇ ಇಳಿದುಕೊಂಡು ಸೆಟ್ಟಿನವರೆಗೂ ಬರುತ್ತದೆ. ಜೋಡಣೆಗೆ ರಬ್ಬರ್ ಟೇಪು ಎಳೆದು ಸುತ್ತಿ, ಮೇಲೆ ಕರಿ ಟೇಪು ಸುತ್ತಿ. ಮನೆಯೊಳಗೆ ಹೋಗುವ ಜಾಗದಲ್ಲಿ ಕೇಬಲನ್ನು ಕಿಂಡಿಗಿಂತ ಒಂದು ಗೇಣು ಕೆಳಗೆ ಇಳಿಸಿ ಮತ್ತೆ ಮೇಲಕ್ಕೆ ತಿರುಗಿಸಿ. ಹನಿ ಅಲ್ಲೇ ಉದುರುತ್ತದೆ.

ಈಗ ಬೂಸ್ಟರ್. "ಒಂದು ಬೂಸ್ಟರ್ ಹಾಕಿದರೆ ಆಗದಾ?" ಇದು ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ. ಮಳೆಗಾಲದ ಹೊಳೆಯ ಆಚೆ ದಡದಲ್ಲಿ ನಿಂತು ಒಬ್ಬ ಏನೋ ಕೂಗುತ್ತಿದ್ದಾನೆ ಎಂದುಕೊಳ್ಳಿ. ಹೊಳೆಯ ಸದ್ದಿನಲ್ಲಿ ಕೇಳಿಸುತ್ತಿಲ್ಲ. ಈಚೆ ದಡದಲ್ಲಿ ಮೈಕು ಇಟ್ಟು ದೊಡ್ಡ ಧ್ವನಿವರ್ಧಕದಲ್ಲಿ ಹಾಕಿದರೆ ಅವನ ಮಾತಿನ ಜೊತೆ ಹೊಳೆಯ ಸದ್ದೂ ದೊಡ್ಡದಾಗುತ್ತದೆ. ಮೈಕನ್ನು ಅವನ ಹತ್ತಿರ ಒಯ್ದರೆ ಮಾತ್ರ ಉಪಯೋಗ. ಬೂಸ್ಟರೂ ಹಾಗೆ. ಸೆಟ್ಟಿನ ಪಕ್ಕದಲ್ಲಿ ಹಾಕಿದರೆ ಕೇಬಲ್ ಆಗಲೇ ತಿಂದುಹಾಕಿದ್ದನ್ನು ಅದು ಹುಟ್ಟಿಸಿಕೊಡುವುದಿಲ್ಲ. ಆಂಟೆನಾದ ಬುಡದಲ್ಲೇ, ಮೇಲೆ ಹಾಕಬೇಕು. ಅಲ್ಲೂ ಒಂದು ಅಪಾಯ: ಪಕ್ಕದಲ್ಲಿ ಮೊಬೈಲ್ ಟವರ್ ಇದ್ದರೆ ಅದರ ಅಬ್ಬರಕ್ಕೆ ಬೂಸ್ಟರ್ ತಬ್ಬಿಬ್ಬಾಗಿ ಇರುವ ಸಣ್ಣ ದನಿಯನ್ನೂ ನುಂಗಿಬಿಡುತ್ತದೆ. ಮೊದಲು ಜಾಗ, ಆಮೇಲೆ ಎತ್ತರ, ಆಮೇಲೆ ಕೇಬಲ್. ಅಷ್ಟು ಮಾಡಿದರೂ ಸಾಲದಿದ್ದರೆ ಬೂಸ್ಟರ್. ಹೊಸ ಸೆಟ್ಟು ಎಲ್ಲಕ್ಕೂ ಕೊನೆಗೆ. ನಮ್ಮ ಜನ ಮಾಡುವುದು ಸರಿಯಾಗಿ ಇದರ ತಿರುವುಮುರುವು.

ಹೊಳೆಯ ಸದ್ದು ಎಂದೆನಲ್ಲ, ಅದರ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು. ಹಿರಿಯರು "ಆಗ ರೇಡಿಯೊ ಎಷ್ಟು ಚೆನ್ನಾಗಿ ಬರುತ್ತಿತ್ತು" ಎನ್ನುವುದು ಬರೀ ಹಳೆಯ ಕಾಲದ ಮೋಹವಲ್ಲ. ಆಗ ಮನೆಯಲ್ಲಿ ಗದ್ದಲ ಮಾಡುವ ಸಾಮಾನು ಇರಲಿಲ್ಲ. ಈಗ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು, ಸೋಲಾರ್ ಪೆಟ್ಟಿಗೆ, ಒಂದೊಂದೂ ಕಿವಿಗೆ ಕೇಳಿಸದ ಗದ್ದಲವನ್ನು ಗಾಳಿಗೆ ಬಿಡುತ್ತವೆ. ಮಧ್ಯಮ ತರಂಗವನ್ನು ಅವು ಮುಚ್ಚಿಯೇ ಬಿಡುತ್ತವೆ. ಪತ್ತೆ ಮಾಡುವುದು ಸುಲಭ. ಬ್ಯಾಟರಿ ಹಾಕಿದ ರೇಡಿಯೊವನ್ನು ಹಚ್ಚಿ, ಮನೆಯ ಮೇನ್ ಸ್ವಿಚ್ ಆರಿಸಿ, ಇನ್ವರ್ಟರನ್ನೂ ನಿಲ್ಲಿಸಿ. ಗೊರಗೊರ ನಿಂತಿತೆ? ಹಾಗಾದರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸ್ವಿಚ್ ಹಾಕುತ್ತಾ ಹೋಗಿ, ಸಿಕ್ಕಿಬೀಳುತ್ತಾನೆ. ಸಾಮಾನ್ಯವಾಗಿ ಅತಿ ಅಗ್ಗದ ಬಲ್ಬೋ ಚಾರ್ಜರೋ ಆಗಿರುತ್ತದೆ. ಮನೆಯದೆಲ್ಲ ಆರಿಸಿದರೂ ಸೆಕೆಂಡಿಗೊಂದು ಸಲ ಟಕ್, ಟಕ್ ಎಂದು ಬಡಿಯುತ್ತಿದ್ದರೆ ಅದು ತೋಟದ ಸೋಲಾರ್ ಬೇಲಿ. ಬೇಲಿಯ ತಂತಿಗೆ ಬಳ್ಳಿಯೋ ಹುಲ್ಲೋ ತಾಗಿ ಕಿಡಿ ಹಾರುತ್ತಿದೆ ಎಂದು ಅರ್ಥ. ಬೇಲಿ ಸವರಿದರೆ ರೇಡಿಯೊವೂ ಸರಿಯಾಗುತ್ತದೆ, ಹಂದಿಯೂ ಒಳಗೆ ಬರುವುದಿಲ್ಲ.

ಸ್ಕ್ಯಾನರಿಗೂ ಈ ಗದ್ದಲ ಕಾಟ ಕೊಡುತ್ತದೆ. ಗದ್ದಲವನ್ನೇ ಮಾತೆಂದು ತಿಳಿದು ಅದು ಅಲ್ಲೇ ನಿಂತುಬಿಡುತ್ತದೆ. ಅಂಥ ತರಂಗಗಳನ್ನು ಬಿಟ್ಟುಬಿಡು ಎಂದು ಗುರುತು ಹಾಕಬೇಕು. ಸ್ಕ್ವೆಲ್ಚ್ ಎಂಬ ಗುಂಡಿಯನ್ನು ಬುಸ್ ಸದ್ದು ನಿಲ್ಲುವ ಜಾಗಕ್ಕೆ ಮಾತ್ರ ತಿರುಗಿಸಿ, ಅದಕ್ಕಿಂತ ಒಂದು ಕೂದಲೂ ಮುಂದೆ ಬೇಡ. ಬಿಗಿ ಮಾಡಿದರೆ ಸಣ್ಣ ದನಿ ಬಾಗಿಲಿಗೆ ಬಂದು ಹಾಗೇ ಹಿಂದಕ್ಕೆ ಹೋಗುತ್ತದೆ.

ಇಲ್ಲಿ ಒಂದು ಸಂತೋಷದ ವಿಷಯ ಇದೆ. ಕರೆಂಟು ಹೋದ ರಾತ್ರಿ, ಅಂದರೆ ನಮಗೆ ರೇಡಿಯೊ ನಿಜವಾಗಿ ಬೇಕಾದ ರಾತ್ರಿಯೇ, ಊರಿನ ಗದ್ದಲವೆಲ್ಲ ಒಮ್ಮೆಗೇ ನಿಲ್ಲುತ್ತದೆ. 2019ರಲ್ಲಿ ಹೊಳೆಯಾಚೆ ಮನೆಯವರಿಗೆ ಹಳೆಯ ಟ್ರಾನ್ಸಿಸ್ಟರಿನಲ್ಲಿ ಭದ್ರಾವತಿ ಅಷ್ಟು ನಿಚ್ಚಳವಾಗಿ ಕೇಳಿಸಿದ್ದಕ್ಕೆ ಅದೂ ಒಂದು ಕಾರಣ.

ಆದ್ದರಿಂದ ಸ್ಕ್ಯಾನರ್ ಎಲ್ಲರ ಮನೆಗೂ ಬೇಕು ಎಂದು ನಾನು ಹೇಳುತ್ತಿಲ್ಲ. ಪ್ರತಿ ಮನೆಗೆ ಬೇಕಾದದ್ದು ಸೆಲ್ಲು ಹಾಕುವ ಒಂದು ಸಾಮಾನ್ಯ ರೇಡಿಯೊ. ಅದರೊಳಗೆ ಕರಿಯ ಕೋಲಿನ ಹಾಗೆ ಒಂದು ಫೆರೈಟ್ ತುಂಡು ಇರುತ್ತದೆ, ಮಧ್ಯಮ ತರಂಗಕ್ಕೆ ಅದೇ ಆಂಟೆನಾ. ಅದು ಎಲ್ಲ ದಿಕ್ಕಿಗೂ ಒಂದೇ ಸಮ ಕೇಳುವುದಿಲ್ಲ. ರೇಡಿಯೊವನ್ನೇ ನಿಧಾನ ಸುತ್ತಿಸಿದರೆ ಒಂದು ಕಡೆ ಜೋರು, ಕಾಲು ಸುತ್ತು ತಿರುಗಿಸಿದರೆ ಮೆಲ್ಲಗೆ. ಆ ಮೆಲ್ಲಗಾಗುವ ಕಡೆಯನ್ನು ಗದ್ದಲದ ದಿಕ್ಕಿಗೆ ಹಿಡಿಯುವುದು ಜಾಣತನ. ಸಾಲದಿದ್ದರೆ ಇನ್ನೊಂದು ಉಪಾಯ. ಎರಡು ಅಡಿ ಚೌಕದ ಮರದ ಚೌಕಟ್ಟಿಗೆ ಒಂದಕ್ಕೊಂದು ಅರ್ಧ ಸೆಂಟಿಮೀಟರ್ ಬಿಟ್ಟು ಸುಮಾರು ಹನ್ನೆರಡು ಸುತ್ತು ತಂತಿ ಸುತ್ತಿ. ಎರಡು ತುದಿಗೆ ಹಳೆಯ ರೇಡಿಯೊದಿಂದ ಬಿಚ್ಚಿದ ಗ್ಯಾಂಗ್ ಕಂಡೆನ್ಸರ್ ಸೇರಿಸಿ. ರೇಡಿಯೊವನ್ನು ಅದರ ಪಕ್ಕದಲ್ಲಿಟ್ಟು ಕಂಡೆನ್ಸರ್ ತಿರುಗಿಸಿ. ಯಾವ ತಂತಿಯೂ ರೇಡಿಯೊಗೆ ಮುಟ್ಟುವುದಿಲ್ಲ, ಕರೆಂಟು ಬೇಡ, ಸೆಲ್ಲು ಬೇಡ, ಮುಳುಗಿದ್ದ ಕೇಂದ್ರ ಎದ್ದು ಬರುತ್ತದೆ. ಹತ್ತನೇ ತರಗತಿಯ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಇದನ್ನು ಮೊದಲ ಸಲ ನೋಡಿದವರ ಮುಖ ನೋಡುವುದೇ ಒಂದು ಹಬ್ಬ.

ಸ್ಕ್ಯಾನರ್ ಬೇಕಾದದ್ದು ಊರಿಗೆ ಒಂದು. ರೇಡಿಯೊ ಕೇಂದ್ರ ಜಿಲ್ಲೆಯ ಸುದ್ದಿ ಹೇಳುತ್ತದೆ, ನಮ್ಮ ಘಾಟಿಯ ಸುದ್ದಿ ಹೇಳಬೇಕಾದರೆ ಹತ್ತಿರದಲ್ಲಿ ಯಾರಾದರೂ ಮಾತಾಡಬೇಕು, ಅದನ್ನು ಇಲ್ಲಿ ಯಾರಾದರೂ ಕೇಳಬೇಕು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಂದಿಗೆ ಹವ್ಯಾಸಕ್ಕೆಂದು ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿದ್ದರು. 26ರ ಬೆಳಿಗ್ಗೆ ಸುನಾಮಿ ಬಂತು. ಫೋನುಗಳು ಸತ್ತವು. ಅವರು ಹವ್ಯಾಸವನ್ನು ಬದಿಗಿಟ್ಟು ದ್ವೀಪಗಳ ಸುದ್ದಿಯನ್ನು ಹೊರಗೆ ಮುಟ್ಟಿಸುವ ಕೆಲಸಕ್ಕೆ ಕೂತರು. ಅವರ ಧೈರ್ಯ ದೊಡ್ಡದು, ಒಪ್ಪುತ್ತೇನೆ. ಆದರೆ ನನ್ನ ಕಣ್ಣು ಹೋಗುವುದು ಇನ್ನೊಂದು ಕಡೆಗೆ: ಅಲೆ ಬರುವ ಮೊದಲೇ ಅಲ್ಲಿ ಆಂಟೆನಾ ನಿಂತಿತ್ತು. ಮಳೆ ಶುರುವಾದ ಮೇಲೆ ನಾವು ಕಂಬ ನೆಡಲಾರೆವು.

ಕಂಬ ಎಂದಾಗ ಎರಡು ಎಚ್ಚರಿಕೆ. ಅಡಕೆ ಕೊಯ್ಯುವ ದೋಟಿ ಉದ್ದವಾಗಿದೆ, ಹಗುರವಾಗಿದೆ ಎಂದು ಅದಕ್ಕೆ ಆಂಟೆನಾ ಕಟ್ಟಬೇಡಿ. ಅಲ್ಯುಮಿನಿಯಂ ದೋಟಿ ಕರೆಂಟಿನ ತಂತಿಗೆ ತಾಗಿ ಹೋದ ಜೀವಗಳು ನಮ್ಮ ಸೀಮೆಗೆ ಹೊಸದಲ್ಲ. ಈಗಿನ ಕಾರ್ಬನ್ ಫೈಬರ್ ದೋಟಿಯನ್ನು ಪ್ಲಾಸ್ಟಿಕ್ ಎಂದು ತಿಳಿದವರಿದ್ದಾರೆ. ಅದರಲ್ಲೂ ವಿದ್ಯುತ್ ಹರಿಯುತ್ತದೆ, ಜೊತೆಗೆ ಆಂಟೆನಾದ ಕೆಲಸವನ್ನೂ ಕೆಡಿಸುತ್ತದೆ. ಬಿದಿರೇ ವಾಸಿ, ಆದರೆ ಒದ್ದೆ ಬಿದಿರನ್ನೂ ತಂತಿಯ ಹತ್ತಿರ ಎತ್ತಬಾರದು. ಕಂಬ ಬಿದ್ದರೂ ತಂತಿಗೆ ಮುಟ್ಟದಷ್ಟು ದೂರ ಇರಬೇಕು. ಎರಡನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಎಂಥದ್ದು ಎಂದು ನಿಮಗೆ ಹೇಳಬೇಕಿಲ್ಲ. ಮೋಡ ಕಟ್ಟಿತು ಎಂದರೆ ಕೇಬಲನ್ನು ಸೆಟ್ಟಿನಿಂದ ಬಿಚ್ಚಿ ಹೊರಗೆ ಹಾಕಿಬಿಡಿ. ಗುಡುಗು ಹತ್ತಿರ ಬಂದ ಮೇಲೆ ಅದನ್ನು ಮುಟ್ಟಲೂ ಬೇಡಿ.

ಈಗ ನಮ್ಮ ಶಾಲೆಯ ಮಾತು. ನಮ್ಮ ಬ್ಯಾಚಿನವರು ಸೇರಿ ಆಂಟೆನಾ, ಕೇಬಲ್, ಒಂದು ಕಾರಿನ ಬ್ಯಾಟರಿ, ಅದಕ್ಕೊಂದು ಸೋಲಾರ್ ಹಲಗೆ ಕೊಡಿಸುತ್ತೇವೆ. ಸ್ಕ್ಯಾನರ್ ಸದ್ಯ ನನ್ನ ಪರವಾನಗಿಯ ಮೇಲೆ ನನ್ನ ಬಳಿಯೇ ಇರುತ್ತದೆ. ಪ್ರತಿ ಎರಡನೆಯ ಶನಿವಾರ ತರುತ್ತೇನೆ. ಮಕ್ಕಳಲ್ಲಿ ಇಬ್ಬರಾದರೂ, ಶಿಕ್ಷಕರಲ್ಲಿ ಒಬ್ಬರಾದರೂ ಪರೀಕ್ಷೆ ಬರೆದು ಪಾಸಾಗಿ ಪರವಾನಗಿ ತಂದ ದಿನ ಅದು ಶಾಲೆಯ ಕಪಾಟಿಗೆ ಬರುತ್ತದೆ. ಪಾಠ ನಾನು ಹೇಳುತ್ತೇನೆ, ಫೀಸು ಬೇಡ, ಕಾಫಿ ಕೊಟ್ಟರೆ ಸಾಕು.

ಕಂಬಕ್ಕೆ ಬೆಳಿಗ್ಗೆ ಐದು ಅಂಕ ಬಂದ ಟ್ಯಾಂಕಿನ ದಿಬ್ಬವೇ ಸರಿ ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತು. ಆದರೆ ಅಲ್ಲಿಂದ ಶಾಲೆಗೆ ಕೇಬಲ್ ಎಳೆದರೆ ನೂರು ಮೀಟರಿಗೂ ಹೆಚ್ಚು, ದಾರಿಯಲ್ಲಿ ಕರೆಂಟಿನ ತಂತಿಯೂ ಅಡ್ಡ ಇದೆ. ಸದ್ಯಕ್ಕೆ ತಾರಸಿಯ ಈಶಾನ್ಯ ಮೂಲೆ, ಅದರ ಮೇಲೆ ಎಂಟು ಮೀಟರ್ ಬಿದಿರು. ಅಷ್ಟಾದರೆ ಮೂರು ಅಂಕ ನಾಲ್ಕಾಗುತ್ತದೆ ಎಂದು ನನ್ನ ಅಂದಾಜು. ದಿಬ್ಬದ ಮೇಲೊಂದು ಸಣ್ಣ ಗೂಡು ಕಟ್ಟಿ, ಮಳೆ ಹೆಚ್ಚಾದ ದಿನ ಯಾರಾದರೂ ಬ್ಯಾಟರಿ ಹೊತ್ತುಕೊಂಡು ಅಲ್ಲಿಗೇ ಹೋಗಿ ಕೂತು ಕೇಳುವ ಏರ್ಪಾಡನ್ನು ಪಂಚಾಯಿತಿಯವರು ಮುಂದಿನ ಸಭೆಯಲ್ಲಿ ಯೋಚಿಸಲಿ. ಅಧ್ಯಕ್ಷರು ಇಲ್ಲೇ ಇದ್ದಾರೆ, ತಲೆಯನ್ನೂ ಆಡಿಸಿದರು, ಎಲ್ಲರೂ ನೋಡಿದ್ದೀರಿ.

ಬಿದಿರನ್ನು ಕೆಳಗಿನ ಕೇರಿಯ ನಮ್ಮ ಸಹಪಾಠಿ ತನ್ನ ಮೆಳೆಯಿಂದ ಕೊಡುತ್ತೇನೆ ಎಂದಿದ್ದಾನೆ. ಹುಣ್ಣಿಮೆ ಕಳೆದು ಅಮಾವಾಸ್ಯೆ ಹತ್ತಿರ ಬರಲಿ, ಆಗ ಕಡಿದರೆ ಕುಟ್ಟೆ ಹಿಡಿಯುವುದಿಲ್ಲ ಎನ್ನುತ್ತಾನೆ. ಇರಲಿ, ಅವನ ಮೆಳೆ, ಅವನ ಮಾತು. ಅಮಾವಾಸ್ಯೆಯ ಹಿಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕತ್ತಿ, ಹಗ್ಗ ತೆಗೆದುಕೊಂಡು ಶಾಲೆಯ ಗೇಟಿನ ಹತ್ತಿರ ಸೇರೋಣ. ಹೊರುವುದಕ್ಕೆ ಆರು ಜನ ಬೇಕು. ಮನೆಯ ಅಟ್ಟದಲ್ಲಿರುವ ಮುರಿದ ಕೊಡೆಗಳನ್ನೂ ಬರುವಾಗ ತನ್ನಿ.